ಮರಗಮ್ಮ ಬರುವ ತನಕ

ಘಣಸೋಲಿ
೧೨ ಜೂನ್ ೨೦೨೨

ಅತ್ತಿಯವರಿಗೆ ಪೂನಂಳ ಶರಣು.

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಪೋಸ್ಟಿನವನು ಕೆಳಗೆ ವಾಚಮನ್‌ನ ಕೈಗೆ ಕೊಟ್ಟು ಹೋಗಿದ್ದ. ಈ ಕಾಲದಲ್ಲೂ ಕಾಗದ ಬರೆಯುವವರಿದ್ದಾರಾ ಎಂದು ವಾಚಮನ್ ಕೇಳಿದ. ನಮ್ಮ ಅತ್ತಿಯವರಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ ಎಂದೆ. ಮೊಬೈಲಿಗೆ ಬರೆದು ಕಳಿಸಿದರೆ ಭಾವನವರ ಮಕ್ಕಳು ಅದನ್ನು ನಿಮ್ಮ ಇಡೀ ಬಟ್ಟೆ ಅಂಗಡಿಗೆ ಕೇಳುವಂತೆ ಓದುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ನಮ್ಮಪ್ಪ ಹಟ ಹಿಡಿದು ಡೊಂಬಿವ್ಲಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿಸಿದ್ದು ನಿಮಗೆ ಬರೆಯುವುದಕ್ಕಾದರೂ ಒದಗಿತು.

ನೀವು ಕೇಳಿದ್ದೀರಿ. ಇಲ್ಲ, ಇನ್ನೂ ಏನೂ ಬಂದಿಲ್ಲ. ದತ್ತಕಕ್ಕಾಗಿ ಸರ್ಕಾರದ ಯಾದಿಯಲ್ಲಿ ಹೆಸರು ಹಚ್ಚಿ ಬರುವ ಆಗಸ್ಟಿಗೆ ಎರಡು ವರ್ಷ. ನಮ್ಮ ಮುಂದೆ ಇನ್ನೂ ಸಾವಿರಾರು ಜನರಿದ್ದಾರೆ. ದತ್ತಕ ಸಂಸ್ಥೆಯಿಂದ ಬಂದು ನಮ್ಮ ಮನೆ ನೋಡಿ ವರದಿ ಬರೆದ ಶರ್ಮಿಳಾ ಮೇಡಂ ಕಲ್ಯಾಣದವರು, ಮೂಲ ಉಡುಪಿ ಕಡೆ. ಮೊನ್ನೆ ಫೋನು ಮಾಡಿದಾಗ ನಗುತ್ತಲೇ ಗದರಿಸಿದರು: "ಅವಸರ ಮಾಡಿದರೆ ಆಗುವುದಿಲ್ಲ ಮಾರಾಯ್ತಿ. ನಾವು ಮಗುವಿಗೆ ಅಪ್ಪ ಅಮ್ಮನನ್ನು ಹುಡುಕುವುದು. ನಿಮಗೆ ಮಗು ಹುಡುಕುವುದಲ್ಲ."

ಹೆಸರು ಹಚ್ಚಿದ ದಿನ ಪೂಜೆಯ ಹೊತ್ತಿಗೆ ಅಂಗೈಯ ಲಿಂಗಯ್ಯನಿಗೆ ಒಂದು ಮಾತು ಕೊಟ್ಟಿದ್ದೇನೆ. ನೀನು ಕೊಟ್ಟಾಗ ತೆಗೆದುಕೊಳ್ಳುತ್ತೇನೆ, ಯಾರ ಕೈಯಿಂದಲೂ ಕಸಿದು ತರುವುದಿಲ್ಲ ಎಂದು. ಅದಕ್ಕೇ ಕಾಯುವುದು ನನಗೆ ಅಷ್ಟು ಭಾರವಲ್ಲ.

ನಿಮ್ಮ ಮಗ ಆರಾಮಿದ್ದಾರೆ. ಭಿವಂಡಿಯ ಗೋದಾಮಿನಲ್ಲಿ ಕೆಲಸ ಜಾಸ್ತಿ. ನಾನೂ ಮಹಾಪೆಯಲ್ಲಿ ದಿನವಿಡೀ ಕನ್ನಡಕದ ಗಾಜನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಿರುತ್ತೇನೆ. ನೀವು ಚಿಂತೆ ಮಾಡಬೇಡಿ.

ಪೂನಂ


ಜಮಖಂಡಿ
೨೭ ಜೂನ್ ೨೦೨೨

ಸೌಭಾಗ್ಯವತಿ ಪೂನಂಗೆ ಗಿರಿಜವ್ವನ ಆಶೀರ್ವಾದ.

ಚಿಂತೆ ಮಾಡಬೇಡಿ ಎಂದು ಬರೆದರೆ ಚಿಂತೆ ಹೋಗುತ್ತದೆಯೇ? ಸ್ವಪ್ನಿಲ್‌ಗೆ ಮೂವತ್ತೆಂಟು ತುಂಬಿತು. ನಿನಗೆ ಮೂವತ್ತಾರು. ಇನ್ನು ಎರಡು ವರ್ಷ ಯಾದಿ, ಆಮೇಲೆ ಎರಡು ವರ್ಷ ಕಾಗದಪತ್ರ. ಕೂಸನ್ನು ಎತ್ತಿಕೊಳ್ಳುವ ಹೊತ್ತಿಗೆ ಸೊಂಟದಲ್ಲಿ ಶಕ್ತಿ ಉಳಿದಿರಬೇಕಲ್ಲ.

ನನ್ನ ತಂಗಿಯ ಮಗ ಮನೀಶ ಹೋದ ವಾರ ಬಂದಿದ್ದ. ಉಲ್ಹಾಸನಗರದಲ್ಲಿ ಅವನ ಜೀನ್ಸ್ ಹೊಲಿಸುವ ಕಾರಖಾನೆಯ ಹತ್ತಿರ ಒಂದು ಹೆರಿಗೆ ದವಾಖಾನೆ ಇದೆಯಂತೆ. ಅಲ್ಲಿ ಒಬ್ಬ ಹುಡುಗಿಗೆ ಈಗ ದಿನ ಹತ್ತಿರ ಬಂದಿವೆ. ಮದುವೆಯಾಗಿಲ್ಲ. ಮನೆಯವರಿಗೆ ಕೂಸು ಬೇಡ. ದವಾಖಾನೆಯ ಖರ್ಚು ನೋಡಿಕೊಂಡರೆ ಸಾಕು, ಜನನದ ಕಾಗದ ಮೊದಲಿನಿಂದಲೇ ನಿಮ್ಮ ಹೆಸರಿನಲ್ಲಿ ಆಗುತ್ತದೆ. ನಾಳೆ ಯಾರೂ ಕೇಳುವಂತಿಲ್ಲ.

ದೇವರು ಕೊಡುವಾಗ ಯಾದಿ ನೋಡಿ ಕೊಡುವುದಿಲ್ಲ ತಂಗಿ. ಕೊಡುವವರಿದ್ದಾರೆ, ಪಡೆಯುವವರಿದ್ದಾರೆ. ನಡುವೆ ನಿನ್ನ ನೇಮ ಯಾಕೆ? ಹಿಂದೆ ನಮ್ಮ ಮನೆಗಳಲ್ಲಿ ಹೀಗೆಯೇ ಕೊಟ್ಟು ತೆಗೆದುಕೊಂಡಿದ್ದಾರೆ. ಯಾರೂ ಸತ್ತಿಲ್ಲ. ಒಮ್ಮೆ ಹೋಗಿ ನೋಡಿ ಬಾ. ಇದು ನನ್ನ ಮಾತು ಎಂದು ತಿಳಿ.

ಗಿರಿಜವ್ವ


ಘಣಸೋಲಿ
೯ ಜುಲೈ ೨೦೨೨

ಅತ್ತಿಯವರಿಗೆ ಶರಣು.

ಕಾಗದ ಮುಟ್ಟಿತು. ನೋಡೋಣ. ಮನೀಶ ಇವರಿಗೂ ಫೋನು ಮಾಡಿದ್ದಾನೆ.

ನೆಂಟರ ಎದುರು ನಿಮಗೆ ತಲೆ ತಗ್ಗಿಸುವ ಹಾಗಾಗಿದೆ ಎಂದು ಅರ್ಥವಾಗುತ್ತದೆ. ನನ್ನಿಂದ ನಿಮಗೆ ಆ ನೋವು ಬಂದದ್ದಕ್ಕೆ ಕ್ಷಮಿಸಿ.

ಪೂನಂ


ಜಮಖಂಡಿ
೨೦ ಆಗಸ್ಟ್ ೨೦೨೨

ಪೂನಂಗೆ.

ಆರು ವಾರವಾಯಿತು, ನಿನ್ನ ಒಂದು ಅಕ್ಷರವಿಲ್ಲ. ಮನೀಶ ಫೋನು ಮಾಡಿ ನಿನ್ನ ಭಾವನ ಮೇಲೆ ಕೂಗಾಡಿದ್ದಾನೆ. ನೀವು ಬಂದು ಕೂಸನ್ನು ಎತ್ತಿಕೊಂಡಿರಂತೆ. ಆಮೇಲೆ ನೀನು ಅಲ್ಲಿ ರಂಪ ಮಾಡಿ ಬಿಟ್ಟು ಬಂದೆಯಂತೆ. ಈಗ ದವಾಖಾನೆಗೆ ಅಧಿಕಾರಿಗಳು ಬಂದು ವಿಚಾರಣೆ ನಡೆದಿದೆಯಂತೆ.

ಯಾವ ಕುಲದ ಕೂಸೋ ಎಂಬ ಹೇಸಿಕೆಯೇ ನಿನಗೆ? ಓದಿದವಳು ನೀನು. ಲಿಂಗ ಕಟ್ಟಿಕೊಂಡವಳು ಕುಲ ಕೇಳಬಾರದು ಎಂದು ನಾನು ನಿನಗೆ ಹೇಳಿಕೊಡಬೇಕೇ? ಮಡಿಲಿಗೆ ಬಂದದ್ದನ್ನು ನೂಕಿ ಬಂದೆಯಲ್ಲ.

ನನ್ನ ಮಗನ ಮುಖ ನೋಡಿದೆಯಾ?

ಗಿರಿಜವ್ವ


ಘಣಸೋಲಿ
೪ ಸೆಪ್ಟೆಂಬರ್ ೨೦೨೨

ಅತ್ತಿಯವರಿಗೆ ಶರಣು.

ಕುಲದ ಮಾತು ಬರೆದಿರಲ್ಲ, ಅದನ್ನು ಓದಿ ಅಳು ಬಂತು. ಆದರೆ ನಾನು ಸುಮ್ಮನಿದ್ದದ್ದಕ್ಕೇ ನೀವು ಹಾಗೆ ತಿಳಿಯುವಂತಾಯಿತು. ಅವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜುಲೈ ಇಪ್ಪತ್ತನಾಲ್ಕು, ರವಿವಾರ. ನನಗೆ ಹೋಗುವ ಮನಸ್ಸಿರಲಿಲ್ಲ. ನಿಮ್ಮ ಮಗ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬರೇ ನೋಡಿ ಬರೂಣು ಬಾ," ಎಂದರು. ಅವರು ಆರಾಮಿದ್ದಾರೆ ಎಂದು ಜೂನಿನಲ್ಲಿ ಬರೆದಿದ್ದೆನಲ್ಲ, ಸುಳ್ಳು. ಗೆಳೆಯರ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಅವತ್ತು ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕಳೆ ಇತ್ತು. ನಾನೂ ಸೀರೆ ಬದಲಿಸಿ ಹೊರಟೆ.

ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಉಲ್ಹಾಸನಗರಕ್ಕೆ ಹೋದೆವು. ಚಪ್ಪಲಿ ಅಂಗಡಿಯೊಂದರ ಮೇಲಿನ ಮಜಲೆಯಲ್ಲಿ ದವಾಖಾನೆ. ಮನೀಶ ಮೊದಲೇ ಬಂದು ಪೇಢೆಯ ಡಬ್ಬಿ ಹಿಡಿದು ನಿಂತಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ನನಗೆ ಗೊತ್ತು.

ಆಯಾ ಕೂಸನ್ನು ತಂದು ನನ್ನ ಮಡಿಲಲ್ಲಿಟ್ಟಳು. ಆರು ದಿನದ ಗಂಡು ಕೂಸು. ಒಂದು ಕಿವಿಯ ತುದಿ ಮಡಚಿಕೊಂಡಿತ್ತು. ನಾನು ಬೆರಳಿನಿಂದ ಬಿಡಿಸಿದೆ. ಅತ್ತಿ, ಆ ಗಳಿಗೆಯಲ್ಲಿ ನನಗೆ ಯಾದಿ ನೆನಪಿರಲಿಲ್ಲ, ಲಿಂಗಯ್ಯನಿಗೆ ಕೊಟ್ಟ ಮಾತೂ ನೆನಪಿರಲಿಲ್ಲ. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಇಳಿದು ಓಡಿಬಿಡಬೇಕು ಅನಿಸಿತು. ಇವರು ಪಕ್ಕದಲ್ಲಿ ಮಂಡಿಯೂರಿ ಕೂತು ಅದರ ಅಂಗಾಲು ಮುಟ್ಟುತ್ತಿದ್ದರು.

ಇದರ ತಾಯಿ ಎಲ್ಲಿ ಎಂದು ಆಯಾಳನ್ನು ಕೇಳಿದೆ.

"ಆಯೀಚ ಕಾಯ ಕಾಮ? ಆತಾ ತುಮ್ಹೀಚ ಆಯೀ," ಎಂದು ನಕ್ಕಳು. ತಾಯಿಯದೇನು ಕೆಲಸ, ಇನ್ನು ನೀವೇ ತಾಯಿ ಎಂದು.

ಡಾಕ್ಟರು ಕಾಗದ ತಂದರು. ಹಡೆದವಳ ಹೆಸರಿನ ಜಾಗದಲ್ಲಿ ನನ್ನ ಹೆಸರು ಟೈಪಾಗಿತ್ತು. ಹೆರಿಗೆಯ ವೇಳೆ, ಕೂಸಿನ ತೂಕ, ಎಲ್ಲ ಇತ್ತು. ನಾನೇ ಹಡೆದಿದ್ದೇನೆ ಎಂದು ಸಹಿ ಮಾಡಬೇಕಿತ್ತು. ಅಷ್ಟರಲ್ಲಿ ಕೂಸು ಅಳತೊಡಗಿತು. ಆಯಾ ಬಾಟಲಿ ತರಲು ಹೋದಳು. ನಾನು ಎತ್ತಿಕೊಂಡು ಹೊರಗೆ ಅಡ್ಡಾಡಿದೆ.

ಕೊನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಳು ಕೇಳಿ ಒಬ್ಬ ಹುಡುಗಿ ಮಂಚದ ಮೇಲೆ ಎದ್ದು ಕೂತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಅವಳ ನೈಟಿಯ ಎದೆ ಎರಡೂ ಕಡೆ ಒದ್ದೆಯಾಗಿತ್ತು. ನೀನು ಯಾರು ಎಂದು ಕೂಡ ಕೇಳಲಿಲ್ಲ. "ದೂಧ್ ಪಿಯಾ ಕ್ಯಾ ಉಸನೇ?" ಎಂದಳು. ಹಾಲು ಕುಡಿದನಾ ಎಂದು.

ಇವನನ್ನು ಕೊಡುವುದಕ್ಕೆ ನಿನಗೆ ಮನಸ್ಸಿದೆಯಾ ಎಂದು ಹಿಂದಿಯಲ್ಲೇ ಕೇಳಿದೆ. ಅವಳು ಹೊರಗೆ ಸ್ಟೂಲಿನ ಮೇಲೆ ಮೊಬೈಲು ನೋಡುತ್ತ ಕೂತಿದ್ದ ಅಣ್ಣನ ಕಡೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಮುಝೇ ಕಿಸೀನೇ ಪೂಛಾ ನಹೀ," ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ನಾನು ಕೂಸನ್ನು ಅವಳ ಮಡಿಲಲ್ಲಿಟ್ಟೆ. ಅದು ಕೂಡಲೇ ಬಾಯಿ ಹಚ್ಚಿತು. ನಾನು ಮಾಡಿದ್ದು ಅಷ್ಟೇ ಅತ್ತಿ. ಅವಳ ಅಣ್ಣ ಕೂಗಿದ, ಡಾಕ್ಟರು ಕೂಗಿದರು. "ವಹಿನಿ, ಎಲ್ಲಾ ಸೆಟ್ ಆಗಿತ್ತಲ್ರೀ!" ಎಂದು ಮನೀಶ ತಲೆ ಚಚ್ಚಿಕೊಂಡ. ನೀವು ಒಯ್ಯದಿದ್ದರೆ ಬೇರೆಯವರು ಸಂಜೆಗೇ ಬರುತ್ತಾರೆ ಎಂದರು ಡಾಕ್ಟರು.

ತಿರುಗಿ ಬರುವಾಗ ಇವರು ಠಾಣೆಯ ಪ್ಲಾಟಫಾರ್ಮಿನ ಮೇಲೆ ನಿಂತು ಹೇಳಿದರು: "ನೀ ದೇವರ ಮಾತು ಕೇಳ್ದಿ. ನನ್ನ ಒಂದ್ ಮಾತರ ಕೇಳಬೇಕಂತ ಅನಿಸಲಿಲ್ಲ ನಿನಗ?"

ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಮಕ್ಕಳ ಸಹಾಯವಾಣಿಗೆ ತಿಳಿಸಬೇಕೆಂದು ಅವತ್ತೇ ಅನಿಸಿತ್ತು. ಮನೀಶನ ಹೆಸರು ಬರುತ್ತದಲ್ಲ ಎಂದು ಮೂರು ದಿನ ಅಂಜಿದೆ. ಬುಧವಾರ ಫೋನು ಮಾಡಿದರೆ, ಸೋಮವಾರವೇ ಯಾರೋ ತಿಳಿಸಿದ್ದಾರೆ, ತಾಯಿ ಮಗು ಇಬ್ಬರೂ ಸುರಕ್ಷಿತ ಜಾಗದಲ್ಲಿದ್ದಾರೆ ಎಂದರು. ಯಾರು ಎಂದು ಹೇಳಲಿಲ್ಲ.

ನೀವು ತಾ ಎಂದದ್ದನ್ನು ನಾನು ತರಲಿಲ್ಲ. ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ.

ಪೂನಂ


ಜಮಖಂಡಿ
೨ ನವೆಂಬರ್ ೨೦೨೨

ಪೂನಂ, ನನ್ನ ಮಗಳೇ,

ಎರಡು ತಿಂಗಳು ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ನಾಲ್ಕು ಸಲ ಬರೆದು ಹರಿದೆ. ದೀಪಾವಳಿ ಮುಗಿಯಲಿ ಎಂದುಕೊಂಡೆ. ಈಗ ಎಲ್ಲರೂ ಅಂಗಡಿಗೆ ಹೋಗಿದ್ದಾರೆ, ಬರೆಯುತ್ತೇನೆ.

ನಿನ್ನ ಭಾವ ಹುಟ್ಟಿದ ಎರಡು ವರ್ಷಕ್ಕೆ ನಾನು ಒಂದು ಹೆಣ್ಣು ಕೂಸು ಹಡೆದಿದ್ದೆ. ಎಪ್ಪತ್ತೊಂಬತ್ತನೆಯ ಇಸವಿ, ಶ್ರಾವಣ. ನಮ್ಮ ಮನೆಯವರ ಅಕ್ಕ ಮಿರಜದಲ್ಲಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿರಲಿಲ್ಲ. ಹನ್ನೊಂದನೆಯ ದಿನ ಬಂದರು. ನಾನು ಬಾಣಂತಿ ಕೋಣೆಯ ಕದದ ಹಿಂದೆ ಇದ್ದೆ. "ಗಿರಿಜಾ ಇನ್ನೂ ಸಣ್ಣಾಕಿ ಅದಾಳ, ಮತ್ತ ಹಡೀತಾಳ. ಇದನ್ನ ತಗೊಂಡ ಹೋಗವಾ," ಎಂದು ನನ್ನ ಮಾವನವರು ಪಡಸಾಲೆಯಲ್ಲಿ ಹೇಳಿದರು. ಅಕ್ಕನಿಗೆ ಹೇಳಿದರು, ನಮ್ಮ ಮನೆಯವರಿಗೆ ಹೇಳಿದರು, ಅಲ್ಲಿ ಕೂತಿದ್ದ ಹಿರಿಯರಿಗೆ ಹೇಳಿದರು. ನನಗೆ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಒಯ್ದರು.

ಹಾಲು ಬತ್ತಲೆಂದು ನನ್ನ ಎದೆಗೆ ಮಲ್ಲಿಗೆ ಹೂವು ಕಟ್ಟಿದರು. ನಿನ್ನ ಮದುವೆಯಲ್ಲಿ ನೀನು ಮಲ್ಲಿಗೆ ದಂಡೆ ಮುಡಿಸಲು ಬಂದಾಗ ನಾನು ತಲೆ ಸರಿಸಿದೆ. ನಿನಗೆ ಬೇಜಾರಾಯಿತು, ನಾನು ನೋಡಿದ್ದೆ. ಕಾರಣ ಹೇಳಲಿಲ್ಲ.

ಆ ಕೂಸು ಮಿರಜದ ಜಯಲತಾ. ನಿಮ್ಮ ಮದುವೆಯಲ್ಲಿ ಆರತಿ ಹಿಡಿದವಳು. ನನ್ನನ್ನು ಮಾಮಿ ಎನ್ನುತ್ತಾಳೆ.

ಯಾರೂ ಸತ್ತಿಲ್ಲ ಎಂದು ನಿನಗೆ ಬರೆದಿದ್ದೆ. ಆ ಮಾತನ್ನು ನಲವತ್ತಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೂಸು ಕೊಡುವುದು ಹೂವು ಕೊಟ್ಟಷ್ಟೇ ಸಲೀಸು ಎಂದು ನಂಬದಿದ್ದರೆ ನನ್ನಿಂದ ಆ ಮನೆಯಲ್ಲಿ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಅದಕ್ಕೇ ನಿನಗೂ ಸಲೀಸಾಗಿ ಬರೆದೆ. ನೆಂಟರ ನಾಚಿಕೆಗಲ್ಲ.

ಹಿರಿಯರು ಅಂದದ್ದನ್ನೇ ಶಿವನ ಅಪ್ಪಣೆ ಎಂದು ತಲೆಬಾಗಿದೆ. ನೀನು ಶಿವನ ಮಾತು ಕೇಳಿ ಹಿರಿಯಳಾದ ನನ್ನ ಮಾತು ಮೀರಿದೆ. ಈ ಎರಡೂ ಒಂದೇ ಅಲ್ಲ ಎಂಬುದು ಅರವತ್ತಾರನೆಯ ವರ್ಷಕ್ಕೆ ತಿಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ ಎಂದು ಆ ಹುಡುಗಿ ನಿನಗಾದರೂ ಹೇಳಿದಳು. ನಾನು ಯಾರಿಗೂ ಹೇಳಿರಲಿಲ್ಲ.

ಸ್ವಪ್ನಿಲ್‌ಗೆ ಈಗಲೇ ಹೇಳಬೇಡ. ನಾನೇ ಹೇಳುತ್ತೇನೆ. ನಿನಗೆ ಕಾಯು ಎನ್ನುವ ಅಧಿಕಾರ ನನಗಿಲ್ಲ. ನಿನ್ನ ಜೊತೆ ಕಾಯುತ್ತೇನೆ ಎಂದಷ್ಟೇ ಬರೆಯುತ್ತೇನೆ.

ಗಿರಿಜವ್ವ


ಘಣಸೋಲಿ
೧೩ ನವೆಂಬರ್ ೨೦೨೨

ಅತ್ತಿ,

ನಿಮ್ಮ ಕಾಗದವನ್ನು ಮಹಾಪೆಯ ಬಸ್ಸಿನಲ್ಲಿ ಓದಿದೆ. ಇಳಿಯುವ ನಿಲ್ದಾಣ ದಾಟಿ ಹೋಯಿತು. ನಿಮ್ಮ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯಬೇಕು ಅನಿಸಿತು, ಮಾತಾಡದೆ.

ಎರಡು ಸುದ್ದಿ ಇವೆ.

ಶರ್ಮಿಳಾ ಮೇಡಂ ಫೋನು ಮಾಡಿದ್ದರು. ಉಲ್ಹಾಸನಗರದ ಆ ಹುಡುಗಿಯ ವಿಷಯ. ಕೂಸು ಕೊಡಬೇಕೋ ಬೇಡವೋ ಎಂದು ಹಡೆದವಳಿಗೆ ಯೋಚಿಸಲು ಕಾನೂನಿನಲ್ಲಿ ಅರವತ್ತು ದಿನ ಕೊಡುತ್ತಾರಂತೆ. "ಹೆಸರು, ಊರು ಎಲ್ಲ ನಾನು ಹೇಳುವ ಹಾಗಿಲ್ಲ. ಮಗು ತಾಯಿಯ ಹತ್ತಿರ ಉಂಟು. ಅವಳ ಚಿಕ್ಕಮ್ಮ ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಅಷ್ಟು ಗೊತ್ತಾದರೆ ಸಾಕಲ್ಲ ನಿಮಗೆ?" ಎಂದರು. ಸಾಕು ಎಂದೆ.

ಇನ್ನೊಂದು. ವಿಚಾರಣೆಯವರು ಹೇಳಿಕೆ ಪಡೆಯಲು ನಮ್ಮ ಮನೆಗೆ ಬಂದಿದ್ದರು. ನನ್ನ ಹೆಸರು ಕೇಳುತ್ತಾರೆ ಎಂದು ನಾನು ಎದ್ದು ನಿಂತರೆ ಅವರು ಕೇಳಿದ್ದು ಇವರ ಹೆಸರನ್ನು. ಸೋಮವಾರ ಭಿವಂಡಿಯ ಗೋದಾಮಿನಿಂದ ಫೋನು ಮಾಡಿದವರು ನಿಮ್ಮ ಮಗ. ನನ್ನೊಡನೆ ಮಾತು ಬಿಟ್ಟ ಮರುದಿನವೇ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ಸಿಟ್ಟಿನ್ಯಾಗ ಇದ್ದೆ. ಖರೇ ಅಂದಿ ಅಂತ ಒಪ್ಪಾಕ ಹೆಂಗ ಬರ್ತದ?" ಎಂದರು. ಇಬ್ಬರೂ ನಕ್ಕೆವು. ಮೂರೂವರೆ ತಿಂಗಳ ಮೇಲೆ ಮೊದಲ ಸಲ.

ಪೂನಂ


ಜಮಖಂಡಿ
೧೮ ಮಾರ್ಚ್ ೨೦೨೩

ಪೂನಂ, ಮಗಳೇ,

ನನ್ನ ಮಗ ನಿನಗಿಂತ ಎರಡು ದಿನ ಮುಂಚೆ ಧೈರ್ಯ ಮಾಡಿದ ಎಂದು ಚಳಿಗಾಲವೆಲ್ಲ ಹೆಮ್ಮೆಪಟ್ಟೆ. ಬೈಯಬೇಡ.

ಕಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಹೋಗಿದ್ದೆ. ಬೇರೆ ಊರಲ್ಲೂ ತೆಗೆಯುತ್ತಾರೆ, ಬೇಕೆಂದೇ ಅ‍ಲ್ಲಿಗೆ ಹೋದೆ. ಜಯಲತಾಳ ಮನೆಯಲ್ಲಿ ಎಂಟು ದಿನ ಇದ್ದೆ. ಎಂಟನೆಯ ದಿನ ಕಣ್ಣಿಗೆ ಔಷಧ ಬಿಡುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಹೇಳಿದೆ. ಅವಳು ಎರಡನೆಯ ಕಣ್ಣಿಗೂ ಔಷಧ ಬಿಟ್ಟು, ಮುಚ್ಚಳ ತಿರುವಿ ಇಟ್ಟು, ನನ್ನ ಕಿವಿಯ ಹತ್ತಿರ ಬಾಗಿ, "ನನಗ ಗೊತ್ತೈತಿ ಮಾಮಿ," ಎಂದಳು. ಹನ್ನೆರಡು ವರ್ಷದವಳಿದ್ದಾಗ ಯಾರೋ ಹೇಳಿದ್ದರಂತೆ.

"ಮತ್ತ ಒಮ್ಮೆರ ಯಾಕ ಕೇಳಲಿಲ್ಲವಾ?" ಎಂದೆ.

"ಅವ್ವ ಇರೂ ತನಕ ಕೇಳಬಾರದು ಅಂತ ಇದ್ದೆ. ಅಕಿಗೆ ನೋವಾಗ್ತಿತ್ತು. ಅವ್ವ ಹೋದ ಮ್ಯಾಲೆ ನೀವ ಹೇಳ್ತೀರಿ ಅಂತ ಕಾದೆ."

ಅಕ್ಕ ಹೋಗಿ ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷ ಅವಳು ನನ್ನ ದಾರಿ ಕಾದಿದ್ದಾಳೆ, ನಾನು ಹಬ್ಬಕ್ಕೊಮ್ಮೆ ಕುಬಸದ ಕಣ ಕೊಟ್ಟು ಬರುತ್ತಿದ್ದೆ. ಈಗಲೂ ಮಾಮಿ ಎಂದೇ ಕರೆಯುತ್ತಾಳೆ. ನನಗೆ ಅದರಲ್ಲೇ ಸಮಾಧಾನವಿದೆ. ಅವ್ವ ಎಂಬ ಹೆಸರು ಅವಳನ್ನು ಸಾಕಿದವಳಿಗೇ ಇರಲಿ.

ಸ್ವಪ್ನಿಲ್‌ಗೆ ಬೇರೆ ಲಕೋಟೆಯಲ್ಲಿ ಎಲ್ಲ ಬರೆದು ಇದರ ಜೊತೆ ಹಾಕಿದ್ದೇನೆ. ಅವನು ಓದುವಾಗ ನೀನು ಮನೆಯಲ್ಲಿರು.

ಗಿರಿಜವ್ವ


ಘಣಸೋಲಿ
೨೩ ಏಪ್ರಿಲ್ ೨೦೨೩

ಅತ್ತಿ,

ಇವರು ಬಾಲ್ಕನಿಯಲ್ಲಿ ಕೂತು ಲಕೋಟೆಯ ಕಾಗದವನ್ನು ಎರಡು ಸಲ ಓದಿದರು. ಒಳಗೆ ಬಂದು ಮಿರಜಕ್ಕೆ ಫೋನು ಹಚ್ಚಿ, "ಅಕ್ಕಾ," ಎಂದರು. ಆ ಕಡೆಯಿಂದ ಜಯಲತಕ್ಕ ಮಾವಿನಕಾಯಿಯ ಉಪ್ಪಿನಕಾಯಿ ಕಳಿಸಲೇನು ಎಂದು ಕೇಳಿದರು.

ನಿಮ್ಮಿಂದ ಮುಚ್ಚಿಡುವುದಿಲ್ಲ ಎಂದುಕೊಂಡಿದ್ದೇನೆ, ಅದಕ್ಕೇ ಇದನ್ನೂ ಬರೆಯುತ್ತೇನೆ. ಕಲ್ಯಾಣದಲ್ಲಿ ಮನೀಶನ ತಂಗಿಯ ಕೂಸಿಗೆ ತೊಟ್ಟಿಲ ಕಾರ್ಯಕ್ರಮ ಇತ್ತು. ಹೋದೆ. ತೊಟ್ಟಿಲು ತೂಗುವ ಸರದಿ ನನಗೆ ಬಂದಾಗ ಒಬ್ಬರು ಹಗ್ಗವನ್ನು ಮೆಲ್ಲಗೆ ತೆಗೆದು ಪಕ್ಕದವರಿಗೆ ಕೊಟ್ಟರು. "ಅಕಿಗೆ ದೇವರು ಕೊಟ್ಟಿದ್ದ, ಅಕಿನ ಒದ್ದು ಬಂದಾಳ," ಎಂದು ಇನ್ನೊಬ್ಬರು ಹೇಳಿದ್ದು ಕೇಳಿಸಿತು. ಊಟ ಮಾಡಿಯೇ ಬಂದೆ. ಎದ್ದು ಬಂದರೆ ಅವರ ಮಾತು ನಿಜವಾಗುತ್ತದೆ ಅನಿಸಿತು.

ಮನೆಗೆ ಬಂದು ಪೂಜೆಗೆ ಕೂತಾಗ ಲಿಂಗಯ್ಯನ ಮೇಲೆ ಸಿಟ್ಟು ಮಾಡಿದೆ. ನಿನ್ನ ಮಾತು ಕೇಳಿದ್ದಕ್ಕೆ ಇದಾ ಎಂದೆ. ಸಿಟ್ಟು ಮಾಡುವಷ್ಟು ಹತ್ತಿರದವನು ಅವನು ಎಂಬುದೇ ಹಿತವೆನಿಸಿತು.

ಇವರು ಒಂದು ಮಾತು ಎತ್ತಿದ್ದಾರೆ: "ಸಣ್ಣ ಕೂಸು ಬೇಕಂತ ಎಲ್ಲಾರೂ ಸಾಲು ಹಚ್ಯಾರ. ಓಡಾಡೂ ಮಕ್ಕಳು ಅದಾವಲ್ಲ, ಅವುಕ್ಕ ಯಾರ ಸಾಲು ಹಚ್ಚತಾರ?" ಯಾದಿಯಲ್ಲಿ ಕೂಸಿನ ವಯಸ್ಸು ಎರಡರ ತನಕ ಎಂದು ಬರೆಸಿದ್ದನ್ನು ಆರಕ್ಕೆ ಏರಿಸಿದೆವು. ಮಹಾರಾಷ್ಟ್ರದ ಜೊತೆಗೆ ಕರ್ನಾಟಕವನ್ನೂ ಹಾಕಿದೆವು. ನಿಮ್ಮ ಒಪ್ಪಿಗೆ ಕೇಳಬೇಕಿತ್ತು.

ಪೂನಂ


ಜಮಖಂಡಿ
೧೦ ಮೇ ೨೦೨೩

ಪೂನಂ,

ಒಪ್ಪಿಗೆ ನನ್ನದಲ್ಲ, ಬರುವ ಕೂಸಿನದು. ಅದನ್ನು ಕೇಳು.

ಹಗ್ಗ ತೆಗೆದುಕೊಂಡವಳು ಯಾರೆಂದು ನನಗೆ ಗೊತ್ತು. ಬರುವ ದಸರೆಗೆ ಅವಳ ಮನೆಗೆ ಹೋಗುತ್ತೇನೆ. ಕಿವಿ ಕೇಳಿಸದವರಿಗೆ ಒಂದು ಸವಲತ್ತಿದೆ, ನಮ್ಮ ಮಾತು ಮುಗಿಯುವ ತನಕ ಎದುರಿನವರ ಮಾತು ಬರುವುದಿಲ್ಲ.

ನಾನೀಗ ಪೂಜೆಯಲ್ಲಿ ಏನೂ ಬೇಡುವುದಿಲ್ಲ. ಸುಮ್ಮನೆ ಕೂರುತ್ತೇನೆ. ಎಂದೂ ಇಷ್ಟು ಹಗುರ ಇದ್ದಿಲ್ಲ.

ಗಿರಿಜವ್ವ


ಘಣಸೋಲಿ
೧೧ ಫೆಬ್ರವರಿ ೨೦೨೪

ಅತ್ತಿ,

ಬಂತು.

ಗುರುವಾರ ಮಧ್ಯಾಹ್ನ ಕಾರಖಾನೆಯಲ್ಲಿ ಗಾಜು ನೋಡುತ್ತಿದ್ದಾಗ ಫೋನು ಬಂತು. ಕಲಬುರಗಿ ಕಡೆಯ ಒಂದು ಆಶ್ರಮದಲ್ಲಿರುವ ಐದು ವರ್ಷದ ಹುಡುಗಿ. ಕೊಡುವ ಅಧಿಕಾರವಿದ್ದವರು ಕೊಟ್ಟಿದ್ದಾರೆ, ತಿರುಗಿ ಕೇಳುವವರು ಯಾರೂ ಉಳಿದಿಲ್ಲ. ಎಲ್ಲ ಕಾಗದ ಸರಿಯಾಗಿವೆ. ಫೋಟೋದಲ್ಲಿ ಬಾಯಿ ಬಿಗಿಹಿಡಿದು ನಿಂತಿದ್ದಾಳೆ, ಎರಡು ಜಡೆ. ಒಂದು ಜಡೆಗೆ ರಿಬ್ಬನ್ ಇಲ್ಲ. ಎರಡು ದಿನದಲ್ಲಿ ಉತ್ತರ ಕೊಡಬೇಕಿತ್ತು. ನಾವು ಸಂಜೆ ಕೂಡಿ ಕೂತು ಎರಡು ನಿಮಿಷ ತೆಗೆದುಕೊಂಡೆವು. ಅದರಲ್ಲಿ ಒಂದು ನಿಮಿಷ ಇವರು ಸರಿಯಾದ ಗುಂಡಿ ಹುಡುಕುವುದಕ್ಕೇ ಹೋಯಿತು.

ಹೆಸರು ಮರಗಮ್ಮ.

ಹೆಸರು ಕೇಳಿದ ಕೂಡಲೇ, ಹಳ್ಳಿ ಹೆಸರು ಎಂದು ನೆಂಟರು ಬೇರೆ ಹೆಸರಿನ ಪಟ್ಟಿ ಕಳಿಸುತ್ತಿದ್ದಾರೆ. ಮನೀಶ ಕೂಡ ಒಂದು ಕಳಿಸಿದ್ದಾನೆ. ಅವನು ಮಾತು ಬಿಟ್ಟು ಹದಿನೆಂಟು ತಿಂಗಳಾಗಿತ್ತು, ಅದಕ್ಕೇ ಸಂತೋಷವಾಯಿತು. ಮುಂದಿನ ವಾರ ಹೋಗುತ್ತೇವೆ.

ಪೂನಂ


ಜಮಖಂಡಿ
೧೯ ಫೆಬ್ರವರಿ ೨೦೨೪

ಮಗಳೇ,

ಅವಳ ಹೆಸರು ಅವಳದು. ಯಾರಾದರೂ ಬದಲಿಸಿ ಎಂದರೆ ನನ್ನ ಕಡೆ ಕಳಿಸು.

ಒಂದು ಕೌದಿ ಹೊಲಿದಿದ್ದೇನೆ. ಜಯಲತಾಳ ಹಳೆಯ ಸೀರೆ, ನನ್ನ ಹಳೆಯ ಸೀರೆ, ಸ್ವಪ್ನಿಲ್‌ನ ಶಾಲೆಯ ಅಂಗಿ. ನಿನ್ನದೊಂದು ತುಂಡಿಗೆ ಜಾಗ ಬಿಟ್ಟಿದ್ದೇನೆ. ತರುತ್ತೇನೆ. ಮೊದಲು ಮೂರು ತಿಂಗಳು ನೀವು ಮೂವರೇ ಇರಿ. ನಾನು ಕಾಯುವುದನ್ನು ಕಲಿತಿದ್ದೇನೆ.

ಗಿರಿಜವ್ವ


ಘಣಸೋಲಿ
೩೦ ಜೂನ್ ೨೦೨೪

ಅತ್ತಿ,

ನೀವು ಮುಂದಿನ ರವಿವಾರ ಬರುವ ಮುಂಚೆ ಈ ಕಾಗದ ನಿಮಗೆ ಮುಟ್ಟಬೇಕು. ಜಿಲ್ಲಾಧಿಕಾರಿಗಳ ಆದೇಶ ಬಂದಿದೆ. ಮರಗಮ್ಮ ಈಗ ಕಾಗದದ ಮೇಲೂ ನಮ್ಮವಳು.

ಅವಳನ್ನು ಕೇಳು ಎಂದು ನೀವು ಬರೆದಿದ್ದಿರಿ. ಆಶ್ರಮದಲ್ಲಿ ಮೊದಲ ದಿನವೇ ಇವರು ನೆಲದ ಮೇಲೆ ಕೂತು ಕೇಳಿದರು: "ನಮ್ಮ ಮನಿಗೆ ಬರ್ತೀಯೇನವಾ?" ಅವಳು ನಮ್ಮಿಬ್ಬರನ್ನೂ ನೋಡಿ, "ನಿಮ್ಮನ್ಯಾಗ ಎಷ್ಟ್ ಮಂದಿ ಇದ್ದೀರಿ?" ಎಂದಳು. ಇಬ್ಬರೇ ಎಂದೆವು. "ಹಂಗಾರ ರೊಟ್ಟಿ ಉಳೀತಾವು," ಎಂದು ಎದ್ದು ಚಪ್ಪಲಿ ಹಾಕಿಕೊಂಡಳು.

ಆ ಮಾತಿನ ಅರ್ಥ ಮನೆಗೆ ಬಂದ ಮೇಲೆ ತಿಳಿಯಿತು. ಮೊದಲ ವಾರ ದಿಂಬಿನ ಕವರಿನಲ್ಲಿ ರೊಟ್ಟಿಯ ತುಂಡು ಸಿಕ್ಕಿತು. ಆಮೇಲೆ ಇವರ ಬೂಟಿನಲ್ಲಿ. ಸೋಫಾದ ಸಂದಿಯಲ್ಲಿ. ಬೈಯಲಿಲ್ಲ, ಆದರೆ ತೆಗೆದು ಹಾಕಿದ ದಿನ ಅವಳು ಖಾಲಿ ದಿಂಬನ್ನು ತಡವಿ ತಡವಿ ನೋಡಿ, ಅಳದೆ ಮಲಗಿದಳು. ಅದನ್ನು ನೋಡಲಾಗಲಿಲ್ಲ. ಶರ್ಮಿಳಾ ಮೇಡಂಗೆ ಫೋನು ಮಾಡಿದೆ. "ಕದ್ದದ್ದಲ್ಲ ಅದು, ನಾಳೆಗೆ ಇಟ್ಟುಕೊಂಡದ್ದು. ಅವಳಿಗೆ ಅವಳದ್ದೇ ಒಂದು ಡಬ್ಬಿ ಕೊಡಿ. ಖಾಲಿಯಾಗಲು ಬಿಡಬೇಡಿ. ಮತ್ತೆ ಕಾಯಿರಿ. ನಿಮಗೆ ಅಭ್ಯಾಸ ಉಂಟಲ್ಲ," ಎಂದರು.

ಕೆಂಪು ಮುಚ್ಚಳದ ಡಬ್ಬಿ ತಂದೆವು. ದಿನಾ ಬೆಳಿಗ್ಗೆ ಇವರು ಕೆಲಸಕ್ಕೆ ಹೋಗುವ ಮುಂಚೆ ಅದರಲ್ಲಿ ಎರಡು ರೊಟ್ಟಿ, ಒಂದು ಬೆಲ್ಲದ ತುಂಡು ಇಡುತ್ತಿದ್ದರು. ಅವಳು ದಿನಕ್ಕೆ ಹತ್ತು ಸಲ ತೆಗೆದು ಎಣಿಸುತ್ತಿದ್ದಳು. ಶಾಲೆಯಿಂದ ಬಂದರೆ ಮೊದಲು ಡಬ್ಬಿ, ಆಮೇಲೆ ನಾನು. ಊಟಕ್ಕೆ ಕೂತರೆ ತಾಟನ್ನು ಬೆರಳಿನಿಂದ ಒರೆಸಿ ಒರೆಸಿ ಉಣ್ಣುತ್ತಿದ್ದಳು, ಒಂದು ಅಗುಳು ಬಿಡುತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೆಯೇ.

ಅತ್ತಿ, ಆ ನಾಲ್ಕು ತಿಂಗಳಲ್ಲಿ ನನಗೆ ಒಂದು ಅನಿಸಿತು. ನಾವು ಸಾಲಿನಲ್ಲಿ ನಿಂತ ವರ್ಷಗಳನ್ನು ನಾನು ನನ್ನ ತಾಳ್ಮೆ ಎಂದು ಲೆಕ್ಕ ಹಿಡಿದಿದ್ದೆ. ಅಷ್ಟೇ ವರ್ಷ ಅವಳೂ ಎಲ್ಲೋ ತಾಟು ಒರೆಸುತ್ತ ಕಾದಿದ್ದಳು. ಅವಳಿಗೆ ಯಾರೂ ಯಾದಿ ತೋರಿಸಿರಲಿಲ್ಲ.

ಇವತ್ತು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕೆಳಗಿನಿಂದ ಹುಡುಗಿಯರು, "ಮರಗಮ್ಮಾ, ಆಜಾ! ಬಾರಿಶ್ ರುಕ ಗಯೀ!" ಎಂದು ಮಳೆ ನಿಂತದ್ದಕ್ಕೆ ಆಡಲು ಕೂಗಿ ಕರೆದರು. ಅವಳು ಬಾಯಲ್ಲಿದ್ದದ್ದನ್ನು ನುಂಗಿ ಎದ್ದಳು. ಕೈಯನ್ನು ನನ್ನ ಸೆರಗಿಗೆ ಒರೆಸಿದಳು. ಬಾಗಿಲು ದಡಾರನೆ ಬಡಿದು ಓಡಿದಳು.

ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟಿದ್ದಳು.

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಇಬ್ಬರೂ ಆ ಅರ್ಧ ರೊಟ್ಟಿಯನ್ನು ಎತ್ತಿಡಲಿಲ್ಲ. ಅದು ಹಾಗೇ ಒಣಗುತ್ತ ತಾಟಿನಲ್ಲಿದೆ, ನಾನು ಅದರ ಎದುರು ಕೂತು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಮಗಳು
ಪೂನಂ